ಪೇಢಾ, ಕುಂದಾ ಮತ್ತು ನನ್ನ ಉಸಿರು

ವಯಸ್ಸಾದಂತೆ ಮನುಷ್ಯ ಮಾಗುತ್ತಾನೆ ಎನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ನಾನು ಮಾಗಿದೆನೆಂದು ಮನೆಯವರೂ ನೆರೆಯವರೂ ಸಂತೋಷಪಟ್ಟರು. ಕೊನೆಗೆ ನೋಡಿದರೆ ಅದು ರೋಗ.

ಸದಾಶಿವ ಪೇಠದ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಮ್ಮದು ಮೇಲಿನ ಮನೆ. ನಾನು ಹುಟ್ಟಾ ಸಿಡುಕ. ನೆರೆಯವರ ಬಾಗಿಲು ತೆರೆದಿದ್ದರೆ ಮುಖ ತಿರುಗಿಸಿ ದಡದಡ ಹತ್ತುತ್ತಿದ್ದವನು. ಹೋದ ವರ್ಷದಿಂದ ಮೊದಲ ಮಹಡಿಗೇ ಏದುಸಿರು ಬರತೊಡಗಿತು. ಮೆಟ್ಟಿಲ ಮೇಲೆ ಸುಮ್ಮನೆ ನಿಂತರೆ ಮರ್ಯಾದೆ ಏನಾದೀತು? ಎಲ್ಲರೂ ಕಾಕೂ ಎಂದು ಕರೆಯುವ ಕೆಳಗಿನ ಮನೆಯ ಮರಾಠಿ ಅಜ್ಜಿಯ ಬಾಗಿಲಲ್ಲಿ ನಿಂತು ಅವರ ಮೊಣಕಾಲು ನೋವು ವಿಚಾರಿಸುತ್ತಿದ್ದೆ. ನೋವಿನ ಕಥೆ ಉದ್ದವಾದಷ್ಟೂ ನನ್ನ ಉಸಿರು ತಹಬಂದಿಗೆ ಬರುತ್ತಿತ್ತು. "ಬಸಾ ನಾ, ಚಹಾ ಘ್ಯಾ" ಎಂದು ಕೂರಿಸಿ ಚಹಾ ಕೊಡಲು ಬರುವರು, ಪಾಪ. ಎಂಥ ಕಳಕಳಿಯ ಮನುಷ್ಯ ಎಂದು ನನ್ನ ಹೆಂಡತಿ ಸುಮಾಳ ಮುಂದೆ ಹೊಗಳಿದರಂತೆ.

ಸುಮಾ ಬೆಳಗಾವಿಯವಳು, ನಾನು ಧಾರವಾಡದವನು. ಸಿಹಿಯಲ್ಲಿ ನಮ್ಮೂರ ಪೇಢಾ ದೊಡ್ಡದೋ ಅವಳೂರ ಕುಂದಾ ದೊಡ್ಡದೋ ಎಂಬ ವ್ಯಾಜ್ಯದ ಮೇಲೆಯೇ ನಮ್ಮ ಸಂಸಾರ ನಿಂತಿದೆ. ಮದುವೆಯಾದಾಗಿನಿಂದ ಗೆದ್ದವನು ನಾನೇ, ನ್ಯಾಯದಿಂದಲ್ಲ, ಗಂಟಲಿನಿಂದ. ಅಂಥವನು ವಾದದ ನಡುವೆ ಸುಮ್ಮನಾಗತೊಡಗಿದೆ. ಅವಳಿಗೆ ಖುಷಿಯೋ ಖುಷಿ. "ಈಗ ಬುದ್ಧಿ ಬಂತು ನೋಡ್ರಿ ನಿಮಗ" ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ; ಅಂಗಡಿಯವನನ್ನು ಬೈದೆ. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು, ಪಿತ್ತ ಎಂದೆ. ಬಿ.ಪಿ. ನೋಡಿಸಿದರೆ ಸರಿಯಾಗಿಯೇ ಇತ್ತು.

ಒಂದು ಭಾನುವಾರ ಅವಳ ತವರಿನಿಂದ ಕುಂದಾ ಬಂತು. "ಪೇಢಾದ ಮುಂದ ನಿಮ್ಮ ಕುಂದಾ..." ಎಂದು ಶುರು ಮಾಡಿದೆ. ಮುಂದಿನ ಮಾತೇ ಹೊರಡಲಿಲ್ಲ. ಸುಮಾ ನಕ್ಕಳು. ನಗುತ್ತಲೇ ನನ್ನ ತುಟಿ ನೋಡಿದಳು, ನೀಲಿಗಟ್ಟಿತ್ತು.

"ನೀವು ಸೋಲೋ ಮನಷ್ಯಾ ಅಲ್ರಿ. ಏನೋ ಆಗೇದ. ಏಳ್ರಿ, ದವಾಖಾನಿಗೆ ಹೋಗೂಣು."

ಎಕೋ ಮತ್ತಿನ್ನೇನೋ ಪರೀಕ್ಷೆ ಮಾಡಿಸಿದ ಡಾಕ್ಟರು, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರಿದೆ ಎಂದರು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಯಲ್ಲಿ ಅದು ಸಿಗುವುದಿಲ್ಲವಂತೆ. ಗುಳಿಗೆಯಿಂದ ಹಿಡಿದಿಡಬಹುದು, ಪೂರಾ ಹೋಗುವುದು ಕಷ್ಟ. ಮೊದಲೇ ಬರಬೇಕಿತ್ತು ಎಂದರು. ವಾಪಸು ಬರುವಾಗ ರಿಕ್ಷಾದಲ್ಲಿ ಸುಮಾ, "ನಾ ಗೆದ್ದೆ ಅಂತ ಕುಣೀಲಿಕ್ಕೆ ಹತ್ತಿದ್ನೆಲ್ರಿ" ಎಂದು ಅತ್ತಳು. ಸಾಯುವ ಹೆದರಿಕೆ ನನಗೆ ಆಗಲೇ ಮೊದಲ ಸಲ ಆದದ್ದು.

ಈಗ ದಿನಾ ಸಂಜೆ ಅವಳೇ ಜಗಳ ತೆಗೆಯುತ್ತಾಳೆ. ಒಂದೇ ಉಸಿರಿಗೆ ಎಷ್ಟು ಬೈಯುತ್ತೇನೆಂದು ಕಿವಿಗೊಟ್ಟು ಕೇಳುತ್ತಾಳೆ. ಜೋರಾಗಿ ಬೈದ ದಿನ ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಾಳೆ. ನಿನ್ನೆ ಕುಂದಾ ಬಾಯಿಗಿಟ್ಟುಕೊಂಡವನು ಮನಸಾರೆ, "ಕುಂದಾನ ಛಲೋ ಅದ ಬಿಡು" ಎಂದುಬಿಟ್ಟೆ. ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ತುಟಿ ನೋಡಿದಳು, ಪಾದ ಒತ್ತಿ ನೋಡಿದಳು, ಡಾಕ್ಟರಿಗೆ ಫೋನು ಹಚ್ಚಿದಳು. ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದೆ: "ಏ, ಪೇಢಾದ ಮುಂದ ಅದೇನ ಕುಂದಾ ಹಚ್ಚೀ!"

ಅವಳು ಕಣ್ಣೊರೆಸಿಕೊಂಡು ಫೋನು ಕೆಳಗಿಟ್ಟಳು. ಅಷ್ಟು ಕೂಗಿದ್ದಕ್ಕೇ ನನಗೆ ಏದುಸಿರು ಬಂದಿತ್ತು. ಅವಳಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಕೂತು, ಉಳಿದ ಕುಂದಾ ತಿಂದೆ.