ನಮ್ಮ ಮಾಮಾ ಎಐ ಆರಿಸಿದ ಪರಿ

ನಮ್ಮ ಮಾಮಾನಿಗೆ ಈ ಜಗತ್ತಿನಲ್ಲಿ ಯಾವ ವಸ್ತುವೂ ಒಮ್ಮೆಲೇ ಒಪ್ಪಿಗೆಯಾದದ್ದಿಲ್ಲ. ಅವರ ಸ್ವಂತ ಮುಖವೂ ಇದಕ್ಕೆ ಹೊರತಲ್ಲ. ಕ್ಷೌರದಂಗಡಿಯಲ್ಲಿ ಕುಳಿತು "ಇನ್ನೊಂದು ಕನ್ನಡಿ ಇದ್ರ ತೋರಸ್ರಿ" ಎಂದವರು ಇಡೀ ಕಿತ್ತೂರಿನಲ್ಲಿ ಅವರೊಬ್ಬರೇ ಇರಬೇಕು!

ಚಪ್ಪಲಿ ಕೊಳ್ಳಲು ಸವದತ್ತಿಗೆ ಹೋದರೆಂದರೆ ಮನೆಯಲ್ಲಿ ಯಾರೂ ಊಟಕ್ಕೆ ಕಾಯುವುದಿಲ್ಲ. ಎಡಗಾಲಿಗೆ ಒಂದು ಅಂಗಡಿಯದು, ಬಲಗಾಲಿಗೆ ಇನ್ನೊಂದು ಅಂಗಡಿಯದು ಹಾಕಿಕೊಂಡು ಪೇಟೆಯ ತುಂಬ ನಡೆದು ನೋಡುತ್ತಾರೆ. ಎರಡೂ ಅಂಗಡಿಯವರು ಹಿಂದೆ ಹಿಂದೆಯೇ ನಡೆಯುತ್ತಾರೆ, ಪಾಪ! ಕನ್ಯೆ ನೋಡುವಾಗಲೂ ಇದೇ ಹಾಡಾಗಿತ್ತಂತೆ. ಊರೂರು ಅವಲಕ್ಕಿ ತಿಂದು, ಒಂದಲ್ಲ ಒಂದು ಕೊರತೆ ಹೇಳಿ ಎದ್ದು ಬರುತ್ತಿದ್ದರು. ಕೊನೆಗೆ ದೇಗಾಂವದ ಹುಡುಗಿಯೊಬ್ಬಳು, "ನಿಮ್ಮದು ನೋಡೂದು ಮುಗೀತಲ್ರಿ? ಈಗ ನೀವು ಎದ್ದ ನಿಂದರ್ರಿ, ನಾ ನೋಡತೇನಿ" ಅಂದಳು. ಮಾಮಾ ಎದ್ದು ನಿಂತರು. ಆಕೆಯೇ ನಮ್ಮ ಅತ್ತಿ.

ಅತ್ತಿ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಕುಬಸದ ತುಂಡು ಏನೇ ಕೊಡಿ, ಆಕೆಯ ಕೈಯಲ್ಲಿ ಅದು ಹೊದೆಯುವುದನ್ನೂ ಮರೆತು ನೋಡುತ್ತ ಕೂಡುವಂಥ ಕೌದಿಯಾಗುತ್ತದೆ. ಓಣಿಯ ಹೆಂಗಸರೆಲ್ಲ ಆಕೆಯಿಂದಲೇ ಕಲಿತವರು. ಆದರೆ ಆ ಕೌದಿಗಳನ್ನು ದೊಡ್ಡ ಊರಿನ ಅಂಗಡಿಯೊಂದು ಕೊಂಡು, ತನ್ನ ಚೀಟಿ ಅಂಟಿಸಿ ಮಾರುತ್ತಿತ್ತು. ಅತ್ತಿಯ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಕಳೆದ ವರ್ಷ ಆಕೆಯ ಬೆರಳ ಗಂಟುಗಳು ಬಾತುಕೊಂಡವು. ಡಾಕ್ಟರರು ಸೂಜಿ ಬಿಡಿ ಅಂದರು. "ಕೈಯಾಗಿಂದು ಒಂದು ಮುಗಸ್ತೇನಿ. ಆಮ್ಯಾಲ ಮುಟ್ಟಂಗಿಲ್ಲ" ಎಂದು ಅತ್ತಿ ಒಪ್ಪಿಕೊಂಡಳು.

ಆವತ್ತೇ ಮಾಮಾ ಬೈಲಹೊಂಗಲಕ್ಕೆ ಬಂದು ನಾನು ನಡೆಸುವ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ನಿಂತರು.

"ತಂಗಿ, ನಿಮ್ಮತ್ತಿ ಕಡೀ ಕೌದಿ ಮುಗಸೂದರೊಳಗ ಆಕಿ ಹೆಸರಿಂದು ಒಂದು ವೆಬ್‌ಸೈಟ್ ಆಗಬೇಕು. ಮುಂದ ಓಣಿ ಹೆಣ್ಮಕ್ಕಳ ಕೌದಿ ಅದರಾಗs ಮಾರೂಣು. ಆಕಿ ಅದನ್ನ ಕಣ್ಲೆ ನೋಡಬೇಕು."

ನನ್ನ ಕಣ್ಣು ತುಂಬಿ ಬಂತು. "ನಾನs ಮಾಡಿ ಕೊಡತೇನಿ ಮಾಮಾ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಬ್ಯಾಡ. ಈಗ ಎಐ ಬರೀತೈತಂತಲ್ಲ? ಚಲೋದೊಂದು ಆರಸೂಣು" ಅಂದರು. ತುಂಬಿದ್ದ ಕಣ್ಣು ಅಲ್ಲಿಯೇ ಆರಿತು.

ಆರಿಸುವುದು! ಈ ಮಾತು ಅವರ ಬಾಯಿಂದ ಬಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಪತ್ರ ಬರೆಯುವ, ಹಾಡು ಕಟ್ಟುವ, ಅಡುಗೆ ಹೇಳಿಕೊಡುವ, ಜೊತೆಗೆ ಕೋಡನ್ನೂ ಬರೆಯುವ ಎಐ ಒಂದನ್ನು ತೋರಿಸಿದೆ. ಕೋಡ್ ಕೊಡುವ ಮೊದಲು ಅದು ಕೌದಿಯ ಮೇಲೊಂದು ಕವನ ಕೊಟ್ಟಿತು. ಮಾಮಾ ಮುಖ ಸಿಂಡರಿಸಿದರು.

"ಕಟಿಂಗೂ ಮಾಡತೇನಿ, ಬಾವಿನೂ ತೋಡತೇನಿ ಅನ್ನಾವನ ಕೈಯಾಗ ನೀ ತಲಿ ಕೊಡತೀಯೇನು? ಬರೇ ಕೋಡ್ ಬರಿಯಾವು ಇಲ್ಲೇನು?"

ಇದ್ದವು. ಬೇಕಾದಷ್ಟಿದ್ದವು. ಅದೇ ತಪ್ಪಾಯಿತು. ಪ್ರತಿ ರವಿವಾರ ನಾನು ಲ್ಯಾಪ್‌ಟಾಪ್ ಹೊತ್ತು ಕಿತ್ತೂರಿಗೆ ಹೋಗುವುದು, ಮಾಮಾ ಅಂಗಿಯ ಗುಂಡಿ ಹಾಕಿಕೊಂಡು ಸಂದರ್ಶನಕ್ಕೆ ಕೂಡುವುದು ಶುರುವಾಯಿತು. ಎಲ್ಲಕ್ಕೂ ಒಂದೇ ಪ್ರಶ್ನೆಪತ್ರಿಕೆ: ಮೇಲೆ ಅತ್ತಿಯ ಹೆಸರು, ನಡುವೆ ಕೌದಿಯ ಚಿತ್ರ, ಕೆಳಗೆ ಫೋನ್ ಮಾಡುವ ಬಟನ್. ಅಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಅಷ್ಟೇ ಆಗಿದ್ದರೆ ನನ್ನ ರವಿವಾರಗಳು ನನಗೆ ಉಳಿಯುತ್ತಿದ್ದವು!

ನಿವೃತ್ತ ಕಂಡಕ್ಟರ್ ಆದ ಮಾಮಾ ಪ್ರತಿಯೊಂದು ಪುಟವನ್ನೂ ಓಡುವ ಬಸ್ಸಿನಲ್ಲಿ ಪರೀಕ್ಷಿಸಿದರು. ಕುಳಿತಲ್ಲ, ನಿಂತು. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈಯಲ್ಲಿ ಮೊಬೈಲು. ರಸ್ತೆಯಲ್ಲಿ ಗುಂಡಿ ಬಂದಾಗಲೂ ಬಟನ್ ಹೆಬ್ಬೆರಳಿಗೆ ಸಿಗಬೇಕು! ಮೊದಲನೆಯ ಎಐ ಮಾಡಿದ ಪುಟದಲ್ಲಿ ಬಟ್ಟೆ ಗಾಳಿಗೆ ಹಾರಾಡುತ್ತಿತ್ತು, ಬಣ್ಣಗಳು ಕುಣಿಯುತ್ತಿದ್ದವು. ಆದರೆ ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಒತ್ತಿದ ಪುಟ ತೆರೆದುಕೊಂಡದ್ದು ಬೈಲಹೊಂಗಲದಲ್ಲಿ. ಅದು ನಪಾಸಾಯಿತು.

ಎರಡನೆಯದು ಬಲು ವಿನಯದ್ದು. ಮಾಮಾ ಏನೇ ಹೇಳಿದರೂ "ನೀವು ಹೇಳಿದ್ದು ಸಂಪೂರ್ಣ ಸರಿ" ಎನ್ನುತ್ತಿತ್ತು. ಮಾಮಾನಿಗೆ ಸಂಶಯ ಬಂತು. "ಫೋನ್ ಬಟನ್ ಯಾರಿಗೂ ಕಾಣದಂಗ ಇಡು" ಎಂದು ನನ್ನಿಂದ ಬರೆಸಿದರು. "ಅದ್ಭುತ ವಿಚಾರ!" ಎಂದು ಅದು ಬಟನ್ ಮಾಯ ಮಾಡಿತು.

"ಹೌದಪಾ ಹೌದು ಅನ್ನಾವ್ರು ನನಗ ಚಾದಂಗಡ್ಯಾಗ ಬೇಕಾದಷ್ಟು ಮಂದಿ ಅದಾರ" ಎಂದು ಮಾಮಾ ಲ್ಯಾಪ್‌ಟಾಪ್ ಮುಚ್ಚಿದರು.

ಮೂರನೆಯದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೇಳದಿದ್ದರೂ ಗ್ರಾಹಕರ ಮೆಚ್ಚುಗೆಗಳನ್ನು ತಾನೇ ಹುಟ್ಟಿಸಿ ಹಾಕಿತು. ಪ್ಯಾರಿಸಿನ ಇಬ್ಬರು ಹೆಂಗಸರು ಕಿತ್ತೂರಿಗೆ ಬಂದು, ಅತ್ತಿಯ ಪಡಸಾಲೆಯಲ್ಲಿ ಕುಳಿತು ಕೌದಿ ಕೊಂಡರಂತೆ! ನಾನು ಓದಿ ಹೇಳಿದೆ. ಅತ್ತಿ ಸೂಜಿ ಕೆಳಗಿಟ್ಟು ಗಾಬರಿಯಾದಳು.

"ಅಯ್ಯ ನನ ಶಿವನ! ಅವರು ಯಾವಾಗ ಬಂದಿದ್ರವಾ? ನಾ ಚಾ ಸುದ್ದಾ ಕೊಡಲಿಲ್ಲಲ್ಲ!"

ಹೀಗೆ ಬಂದವು, ಹೋದವು. ಇತ್ತ ಅತ್ತಿಯ ಕೌದಿ ನಿಧಾನವಾಗಿ ಅಂಚಿನ ಕಡೆ ಸರಿಯುತ್ತಿತ್ತು. ದಾರ ಪೋಣಿಸಲು ಈಗ ಆಕೆಗೆ ನಾನು ಬೇಕಾಗುತ್ತಿತ್ತು. "ಮಾಮಾ, ಕೌದಿ ಮುಗೀಲಿಕ್ಕೆ ಬಂತು. ಲಗೂನ ಒಂದು ಹಿಡೀರಿ" ಎಂದು ನಾನು ರೇಗಿದೆ. ಆಗ ಸಿಕ್ಕವು ಕೊನೆಯ ಎರಡು. ಒಂದು ಶುದ್ಧ ಕೋಡ್ ಪಂಡಿತ. ಅನವಶ್ಯಕ ಅಕ್ಷರ ಒಂದಿಲ್ಲ, ಪುಟ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾಜರ್. ಮಾಮಾ ಅದಕ್ಕೆ ಜಾಣಪ್ಪ ಎಂದು ಹೆಸರಿಟ್ಟರು. ಇನ್ನೊಂದು ನನ್ನ ಕ್ಲಾಸಿನ ಹಳೆಯ ಕಂಪ್ಯೂಟರಿನಲ್ಲಿಯೇ ಓಡುವ ಚಿಕ್ಕ ಎಐ. ತಡವರಿಸುತ್ತ, ಅದೇನು, ಇದೇಕೆ ಎಂದು ಕೇಳುತ್ತ ಬರೆಯುವುದು. ಅದು ಮಂಕಪ್ಪ. ಜಾಣಪ್ಪ ಬಸ್ಸಿನ ಪರೀಕ್ಷೆಯಲ್ಲೂ ಪಾಸಾದ. ಮಾಮಾ ಜೀವನದಲ್ಲಿ ಮೊದಲ ಸಲ "ಇದು ಆಗಬಹುದು" ಅಂದರು. ನಾನು ಮನಸ್ಸಿನಲ್ಲಿಯೇ ಎಲ್ಲಮ್ಮನಿಗೆ ಕೈ ಮುಗಿದೆ.

ಪುಟ ಸಿದ್ಧವಾಯಿತು. ಅತ್ತಿಗೆ ತೋರಿಸಿದೆವು. ತನ್ನ ಹೆಸರಿನ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಚಲೋ ಐತಿ. ಆದ್ರ ಇದರ ಹೊಟ್ಟಿ ತುಂಬಸೀರೇನು?"

ನಮ್ಮ ಕಡೆ ಕೌದಿಯ ಹೊಟ್ಟೆ ಖಾಲಿ ಬಿಡುವುದಿಲ್ಲ. ಪೂರ್ತಿ ಹೊಲಿದ ಮೇಲೆ ಒಂದು ಮೂಲೆ ತೆರೆದಿಟ್ಟು, ಅದರೊಳಗೆ ಹೋಳಿಗೆಯ ಚೂರು ಇಟ್ಟು ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗೆ ನಿದ್ದೆ ಹೇಗೆ ಬಂದೀತು? ವೆಬ್‌ಸೈಟಿಗೆ ಹೋಳಿಗೆ ಎಲ್ಲಿ ಇಡುವುದು ಎಂದು ಮಾಮಾ ನನ್ನ ಮುಖ ನೋಡಿದರು. ನೋಡುವವರಿಗೆ ಕಾಣದ ಹಾಗೆ ಕೋಡಿನೊಳಗೆ ಒಂದು ಸಾಲು ಬರೆದಿಡಬಹುದು ಎಂದೆ. ಅತ್ತಿ ಹೇಳಿದಳು, ನಾನು ಬರೆದೆ: "ಇಲ್ಲೊಂದು ತುತ್ತು ಹೋಳಿಗಿ ಐತಿ. ಉಣ್ರಿ."

ಮರುದಿನ ಮಾಮಾ ನನ್ನ ಕ್ಲಾಸಿಗೆ ಬಂದು, ಚಿತ್ರವೊಂದನ್ನು ಬದಲಿಸು ಎಂದು ಜಾಣಪ್ಪನಿಗೆ ಹೇಳಿಸಿದರು. ಬದಲಿಸಿದ. ಕೊನೆಗೆ ಹೆಮ್ಮೆಯಿಂದ ಒಂದು ಮಾತು ಸೇರಿಸಿದ: "ಕೋಡಿನಲ್ಲಿ ಉಪಯೋಗವಿಲ್ಲದ ಸಾಲೊಂದಿತ್ತು, ಅದನ್ನೂ ತೆಗೆದು ಸ್ವಚ್ಛ ಮಾಡಿದ್ದೇನೆ."

ಮಾಮಾ ಎದ್ದು ನಿಂತುಬಿಟ್ಟರು. "ಬಾಯಾಗಿನ ತುತ್ತು ಕಸಗೊಂಡನಲ್ಲ ಇವ!"

"ತಗೀಬ್ಯಾಡ ಅಂತ ಮೊದಲs ಹೇಳಿದ್ರ ಇಡತಾನರಿ ಮಾಮಾ" ಎಂದು ಬೇಡಿಕೊಂಡೆ. ನನ್ನ ಅಷ್ಟೂ ರವಿವಾರಗಳು ಕಣ್ಣ ಮುಂದೆ ಬಂದವು.

"ಹೇಳಿಸಿಕೊಂಡು ಉಣ್ಣಾಕ ಕೊಡಾವ ನಮಗ ಬ್ಯಾಡ. ಆ ಮಂಕಪ್ಪನ್ನ ಕರಿ."

ಸಾಲನ್ನು ಮತ್ತೆ ಬರೆದು, ಅದೇ ಕೆಲಸ ಮಂಕಪ್ಪನಿಗೆ ಕೊಟ್ಟೆ. ಅವನು ತನ್ನ ಎಂದಿನ ಗತಿಯಲ್ಲಿ ಚಿತ್ರ ಬದಲಿಸಿ ಹೇಳಿದ: "ಇಲ್ಲಿ ಹೋಳಿಗೆಯ ಬಗ್ಗೆ ಒಂದು ಸಾಲಿದೆ. ಅದು ಯಾಕೆಂದು ನನಗೆ ತಿಳಿಯಲಿಲ್ಲ. ಬೇಕೆಂದೇ ಇಟ್ಟಿರಬಹುದೆಂದು ಮುಟ್ಟಿಲ್ಲ." ಮಾಮಾ ಅವನನ್ನೇ ಆರಿಸಿದರು. ಬಸ್ಸಿನ ಪರೀಕ್ಷೆಯನ್ನೂ ಕೇಳಲಿಲ್ಲ!

ಆ ರವಿವಾರ ಪುಟ ಲೋಕಕ್ಕೆ ತೆರೆದುಕೊಂಡಿತು. ಅತ್ತಿಯ ಕೌದಿಯಲ್ಲಿ ಉಳಿದದ್ದು ಒಂದು ಮೂಲೆ ಮಾತ್ರ. ಹೋಳಿಗೆಯ ಚೂರನ್ನು ಒಳಗಿಟ್ಟಳು. ಸೂಜಿ ಹಿಡಿದಳು, ಬೆರಳು ಮಡಿಸಲಾಗಲಿಲ್ಲ. ಮತ್ತೆ ಹಿಡಿದಳು, ಸೂಜಿ ಜಾರಿತು. ನಾನು ಮುಂದೆ ಬಗ್ಗುವಷ್ಟರಲ್ಲಿ ಮಾಮಾ ಅದನ್ನು ಎತ್ತಿಕೊಂಡು ಆಕೆಯ ಪಕ್ಕ ಕುಳಿತರು. ಮೂಲೆ ಅಲುಗದಂತೆ ಅತ್ತಿ ಅಂಗೈಯಿಂದ ಒತ್ತಿ ಹಿಡಿದಳು. ಹುಟ್ಟಿದಾಗಿನಿಂದ ಸೂಜಿ ಮುಟ್ಟದ ಮಾಮಾ ಹೊಲಿದರು. ನನಗೆ ಅಳು ಬಂತು.

ಹೊಲಿಗೆ ಮುಗಿಯಿತು. ಸೂಜಿಯ ಒಂದೊಂದು ಟಾಕಿಯೂ ಒಂದೊಂದು ದಿಕ್ಕಿಗೆ ಓಡಿತ್ತು. ಬಟನ್ ಕೂದಲೆಳೆಯಷ್ಟು ವಾರೆ ಇದ್ದರೂ ಪುಟ ತಿರಸ್ಕರಿಸಿದ ಮನುಷ್ಯ ಹೆದರಿ ಹೆದರಿ ಕೇಳಿದರು: "ಸೊಟ್ಟ ಆತೇನ? ಬಿಚ್ಚಲಿ?"

ಅತ್ತಿ ಆ ಮೂಲೆಯನ್ನು ನೇವರಿಸಿದಳು.

"ಬ್ಯಾಡ್ರಿ. ಇದನ್ನ ಮಾರೂದಿಲ್ಲ. ನಾವs ಹೊದ್ದುಕೊಳ್ಳೂಣು."