ಟಾಕೀಸಿನ ಪರದೆ ಮತ್ತು ನನ್ನ ಕೌದಿ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ನಂಬಿಕೊಂಡಿದ್ದೆ. ಹಲ್ಲು ಹೋದವು, ಮೊಣಕಾಲು ಹೋಯಿತು, ಅದೊಂದು ಮಾತ್ರ ಗಟ್ಟಿಯಾಗಿ ಉಳಿದಿದೆ. ಮೂರನೆಯ ಇಯತ್ತೆ ಓದಿದವಳು ನಾನು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಇಂಗ್ಲಿಷರ ನಾಡಿನ ಈ ಕೆಂಟನ್‌ನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಟಾಕೀಸು ಇತ್ತು. ಮೂಕಿ ಚಿತ್ರಗಳ ಕಾಲದ್ದು. ಆಗ ಕೆಳಗೆ ಕೂತು ಯಾರೋ ಪಿಯಾನೊ ಬಾರಿಸುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಭಾನುವಾರ ಹಿಂದಿ ಸಿನಿಮಾ ಹಾಕುತ್ತಿದ್ದರು, ನಾನು ಕಸ ಗುಡಿಸುತ್ತಿದ್ದೆ. ಸೀಟಿನಡಿ ಅಂಟಿಸಿದ ಚೂಯಿಂಗ್ ಗಮ್ ಕೆರೆದು ತೆಗೆದವಳಿಗೆ ಸಿನಿಮಾದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಟಾಕೀಸು ಮುಚ್ಚಿದ ದಿನ ಮ್ಯಾನೇಜರ್ ಕೆಂಪು ಮಖಮಲ್ಲಿನ ದೊಡ್ಡ ಪರದೆಯನ್ನು ಹೊರಗೆಸೆದು, ಬೇಕಾದರೆ ಒಯ್ಯಿ ಎಂದ. ಕೂಸಿನ ಗಾಡಿಯಲ್ಲಿ ತಳ್ಳಿಕೊಂಡು ತಂದೆ. ಕತ್ತರಿಸಿ, ಮೇಲೆ ಹಳೆಯ ಸೀರೆ ಇಟ್ಟು, ನಮ್ಮ ಧಾರವಾಡದ ಕಡೆಯಂತೆ ಕೌದಿ ಹೊಲಿದೆ.

ಹೋದ ತಿಂಗಳು ಲೈಬ್ರರಿಯಿಂದ ಹೆಲೆನ್ ಎಂಬಾಕೆ ಬಂದಳು. ಟಾಕೀಸಿನ ಇತಿಹಾಸ ಬರೆಯುತ್ತಾಳಂತೆ. ಹಳೆಯ ಫೋಟೋ ತೋರಿಸಿದಳು: ಅದೇ ಪರದೆ, ನಡುವೆ ಜರಿಯ ಹಂಸ. ಟಾಕೀಸು ತೆರೆಯುವಾಗ ಈ ಬೀದಿಯ ಹೆಂಗಸರು ಕಸೂತಿ ಹಾಕಿದ್ದಂತೆ, ಹಂಸದ ರೆಕ್ಕೆ ಹೆಲೆನ್‌ಳ ಅಜ್ಜಿಯ ಕೈಯದಂತೆ. ಸೋಫಾಕ್ಕೆ ಹಾಸಿದ ಕೌದಿಯ ಅಡಿಮೈಯಲ್ಲಿ ಆ ರೆಕ್ಕೆ ಇತ್ತು, ನಾನು ಅದರ ಮೇಲೆಯೇ ಕೂತಿದ್ದೆ.

ಮೊಮ್ಮಗಳು ಅನಘಾ ಕೇಳಿದಳು: “ಅಜ್ಜಿ, ನೀ ಅಲ್ಲೇ ಕೆಲಸ ಮಾಡ್ತಿದ್ದಿ ಅಲ್ಲ? ಕರ್ಟನ್ ಏನಾತಂತ ಕೇಳಾಕತ್ತಾರ.”

“ಇಲಿ ತಿಂದಾವು ಅಂತ ಹೇಳು.”

ಹೇಳಿದಳು. ಹೆಲೆನ್ ಫೋಟೋವನ್ನು ಚೀಲಕ್ಕೆ ಹಾಕಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಎದ್ದು ಕೌದಿಯನ್ನು ಮಗುಚಿ ಹಾಕಿದೆ. ಆಕೆ ಬಹಳ ಹೊತ್ತು ರೆಕ್ಕೆಯನ್ನು ಸವರಿ, ಹಂಸದ ತಲೆ ಎಲ್ಲಿ ಎಂದು ಕೇಳಿದಳು.

“ಅಲ್ಲಿ ಜರಿ ದಪ್ಪ ಇತ್ತು, ಸೂಜಿ ಹೋಗಲಿಲ್ಲ. ಬಿಸಿ ಪಾತ್ರಿ ಇಳಸಾಕ ಮಸಿಅರಿವಿ ಮಾಡಿದ್ದೆ. ಸುಟ್ಟು ಹೋತು. ಹೇಳು.”

ಅನಘಾ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಹೆಲೆನ್ ಬಂದು ನನ್ನನ್ನು ತಬ್ಬಿಕೊಂಡಳು.

“ಏನಂದಿ ನೀ?”

“ಬೆಂಕಿಗೆ ತಲಿ ಹೋತು, ಉಳಿದದ್ದನ್ನ ಜೋಪಾನ ಮಾಡಾಕ ನಮ್ಮಜ್ಜಿ ಕೌದಿ ಹೊಲದ್ಳು ಅಂದೆ. ಅಕಿ ಅಳಾಕತ್ತಿದ್ಳು ಅಜ್ಜಿ, ಇನ್ನೇನ್ ಹೇಳ್ಲಿ?”

ಈಗ ಕೌದಿ ಲೈಬ್ರರಿಯ ಗೋಡೆಯ ಮೇಲಿದೆ. ಕೆಳಗೆ ನನ್ನ ಹೆಸರು, ಪರದೆಯನ್ನು ಕಾಪಾಡಿದವರು ಎಂದು. ಮೊದಲ ದಿನ ಮೈಕು ನನ್ನ ಮುಂದೆ ಹಿಡಿದರು. “ನೋ” ಎನ್ನುವಷ್ಟು ಇಂಗ್ಲಿಷ್ ನನಗೆ ಬರುತ್ತದೆ.

“ಥ್ಯಾಂಕ್ಯೂ” ಎಂದೆ.