ನಮ್ಮ ಗೋದಾಮಿಗೆ ಬಂದ ಕೋಲಾರದ ಬಾವಲಿ

ನಾ ಹೇಳೂದನ್ನ ನೀವು ನಂಬಂಗಿಲ್ಲ, ಅದು ನನಗ ಗೊತ್ತೈತಿ. ನಮ್ಮ ಅವ್ವ ಅಪ್ಪನೇ ನನ್ನ ಅರ್ಧಾ ಮಾತು ನಂಬಂಗಿಲ್ಲ, ಉಳದ ಅರ್ಧಾ ಕೇಳಿಸ್ಕೊಳ್ಳಂಗೇ ಇಲ್ಲ. ಆದ್ರೂ ಹೇಳ್ತೇನಿ. ಹಳಿಯಾಳದಾಗ ನಮ್ಮ ಹಿತ್ತಲದ ಹಂಚಿನ ಗೋದಾಮಿನ್ಯಾಗ ಬಾವಲಿ ಜೋತಾಡ್ತಾವು. ಇಷ್ಟು ಖರೇ. ಮುಂದಿಂದು ನಾ ಸ್ವಲ್ಪ ಎಳದದ್ದು.

ಒಂದಿನ ಸಾಲ್ಯಾಗ ಸೈನ್ಸ್ ಸರ್ ಪಾಠ ಮಾಡ್ತಾ, ಕೋಲಾರದ ಕಡೆ ಒಂದು ಎಲಿಮೂಗಿನ ಬಾವಲಿ ಐತಿ, ಅಲ್ಲಿನ ಒಂದ ಗವಿ ಬಿಟ್ರ ಜಗತ್ತಿನ್ಯಾಗ ಎಲ್ಲೂ ಇಲ್ಲ, ಅಳಿವಿನ ಅಂಚಿಗೆ ಬಂದು ನಿಂತೈತಿ ಅಂದ್ರು. ನನ್ನ ಕೈ ತಾನಾಗೇ ಮ್ಯಾಲ ಹೋತು. "ಸರ್, ಅವು ನಮ್ಮ ಗೋದಾಮಿನ್ಯಾಗ ಅದಾವ್ರಿ." ಬಾಜೂಕ ಕುಂತ ರೇಷ್ಮಾ, ಕೋಲಾರದಿಂದ ಬಸ್ ಹಿಡದು ಬಂದ್ವೇನ ಅಂತ ಕೇಳಿದ್ಲು. ನಾ ಬಿಡ್ತೇನೇನು? ನಮ್ಮ ರಾಜ್ಯಕ್ಕ ಗುರುತಂತ ಆನಿ ಐತಿ, ನೀಲಕಂಠ ಹಕ್ಕಿ ಐತಿ, ಚಿಟ್ಟಿ ಸುದ್ಧಾ ಐತಿ. ಅಮೇರಿಕಾದಾಗ ಕೆಲವು ರಾಜ್ಯಕ್ಕ ಸರ್ಕಾರನೇ ಗೊತ್ತು ಮಾಡಿದ ಬಾವಲಿ ಐತಿ, ನಮಗಷ್ಟ ಯಾಕಿಲ್ಲ? ಇನ್ನ ರಾಜ್ಯದ ಬಾವಲಿ ಅಂದ್ರ ನಮ್ಮ ಮನೀದ, ಫೋಟೋದಾಗ ಅದರ ಬಾಜೂಕ ನಿಂದರಾಕಿ ನಾನ ಅಂದೆ. ಸರ್‌ಗೆ ಹುರುಪು ಬಂತು. ರವಿವಾರ ಪರಿಚಯದ ಫಾರೆಸ್ಟ್ ಗಾರ್ಡ್‌ನ್ನ ಕರಕೊಂಡು ಬರ್ತೇನಿ ಅಂದ್ರು.

ನಾ ಸಿಕ್ಕಿಬಿದ್ದೆ ಅಂತ ತಿಳದದ್ದು ಆವಾಗ. ಯಾಕಂದ್ರ ಅದೇ ಗೋದಾಮು ಕೆಡವಿ ಅಪ್ಪ ಹಿಟ್ಟಿನ ಗಿರಣಿ ಹಾಕಾಂವ ಇದ್ದ. ಮಷೀನು ಹುಬ್ಬಳ್ಳಿಯಿಂದ ಬಂದು ಪಡಸಾಲ್ಯಾಗ ಬೀಗರಂಗ ಕುಂತಿತ್ತು. ಅದನ್ನ ಸುತ್ತಿ ಬಳಸೇ ನಾವು ಅಡಗಿಮನಿಗೆ ಹೋಗ್ತಿದ್ವಿ. ರೇಷ್ಮಾನ ಕೃಪಾದಿಂದ ಸುದ್ದಿ ಊರೆಲ್ಲಾ ಹಬ್ಬಿ, ಜೋಯಿಡಾದ ಮಾವನ ತನಕ ಮುಟ್ಟಿತು. ಮಾವ ಅಪ್ಪಗ ಫೋನ್ ಹಚ್ಚಿದ. ಅಪರೂಪದ ಪ್ರಾಣಿ ಅಂತ ಫಾರೆಸ್ಟಿನವ್ರು ಒಮ್ಮೆ ಬರಕೊಂಡ್ರಂದ್ರ ಮುಗೀತು, ಅಲ್ಲಿ ಮೊಳಿ ಹೊಡ್ಯಾಕೂ ಬಿಡಂಗಿಲ್ಲ, ತಮ್ಮೂರಿಗೆ ಹುಲಿ ಸಲುವಾಗಿ ಇನ್ನೂ ರಸ್ತಾ ಆಗಿಲ್ಲ ಅಂದ. ಅಪ್ಪ ಅರ್ಧಾ ರೊಟ್ಟಿ ಬಿಟ್ಟೆದ್ದು, ಜ್ವರ ಬಂದ ಎತ್ತಿನ ಮೈ ಮುಟ್ಟಿ ನೋಡಿದಂಗ ಮಷೀನಿನ ಮ್ಯಾಲ ಕೈ ಇಟ್ಟು ನಿಂತ. ನಾ ದೇವರ ಮುಂದ ಹೋಗಿ ಕುಂತೆ. ಸಾದಾ ಬಾವಲಿ ಅಂದ್ರ ನನ್ನ ಮಾನಾ ಹೋತು, ಅಪರೂಪದ್ದು ಅಂದ್ರ ಅಪ್ಪನ ಗಿರಣಿ ಹೋತು. ಯಾವುದಕ್ಕಂತ ಹರಕಿ ಹೊರೂದು?

ರವಿವಾರ ಸರ್ ಜೋಡಿ ಗಾರ್ಡ್ ಬಂದ್ರು. ಬ್ಯಾಟರಿ ಬಿಟ್ಟು ಜಂತಿ ನೋಡಿದ್ರು, ಮತ್ತ ನೋಡಿದ್ರು. ಆಮ್ಯಾಲ ಗಾರ್ಡ್ ಅಪ್ಪನ ಕಡೆ ತಿರುಗಿದ್ರು. "ಇವು ನಮ್ಮ ಕಡೆ ಹಳೇ ಮನ್ಯಾಗೆಲ್ಲಾ ಇರತಾವ್ರಿ. ಗಿರಣಿ ಹಾಕ್ಕೊಳ್ರಿ. ಮರಿ ಹಾರೂತನಕ ಅಷ್ಟ ತಡೀರಿ" ಅಂದ್ರು. ಅಪ್ಪನ ಮುಖಾ ಅರಳಿತು. ಬಾಗಲಾಗ ನಿಂತಿದ್ದ ರೇಷ್ಮಾಂದು ಅದಕ್ಕಿಂತ ಹೆಚ್ಚು ಅರಳಿತು. ಅದನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಕೋಲಾರದ್ದು ಬ್ಯಾರೆ ಐತ್ರಿ, ಇಷ್ಟ ಮಂದಿ ನೋಡಿ ನಾಚಿ ಹಂಚಿನ ಸಂದ್ಯಾಗ ಹೊಕ್ಕೈತಿ, ಅದರ ಮೂಗು ಹೀಂಗ ಇರತೈತಿ ಅಂತ ನನ್ನ ಮೂಗು ಹಿಚುಕಿ ತೋರಸಾಕ ಸುರು ಮಾಡಿದೆ.

ಅಷ್ಟರಾಗ ಅವ್ವ ಚಾ ಹಿಡಕೊಂಡು ಒಳಗ ಬಂದ್ಲು. ಗಾರ್ಡ್ ಕೈಯಾಗ ಕಪ್ಪು ಕೊಟ್ಟು, ನನ್ನ ಕಡೆ ಬಟ್ಟು ಮಾಡಿ, ಭಾಳ ಸಮಾಧಾನಲೆ ಅಂದ್ಲು: "ಸಾಹೇಬ್ರ, ಬರೇ ಕೈಲೆ ಹೋಗಬ್ಯಾಡ್ರಿ. ಇಂಥಾ ಬಾಯಿ ಇಡೀ ತಾಲೂಕಿನ್ಯಾಗ ಇದೊಂದ ಐತಿ. ಇದನ್ನ ಬರಕೊಂಡು ಒಯ್ರಿ."